ಬಾಯಲ್ಲಿರುವ ಹಾಡು ಹಲಗೆಗೆ ಇಳಿಯಲಿ: 20 ನಲಿಕಲಿ ತರಗತಿಗಳಿಗಾಗಿ ದೇಣಿಗೆ ಮನವಿ

ಮಾನ್ಯರೇ,

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ 20 ಸರ್ಕಾರಿ ನಲಿಕಲಿ ತರಗತಿಗಳಲ್ಲಿ (ಸಣ್ಣ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ಕ್ರಮ) ಹಾಡು, ಚಿತ್ರ, ಕತೆಗಳಿಂದ ಓದುಬರಹ ಕಲಿಸಲು ನಮ್ಮ ಟ್ರಸ್ಟ್ 2,30,000 ರೂಪಾಯಿ ಕೂಡಿಸುತ್ತಿದೆ. ತರಗತಿಯೊಂದಕ್ಕೆ 11,500. ಕೊಟ್ಟ ದುಡ್ಡು ತರಗತಿಯೊಳಗೆ ಏನು ಕೆಲಸ ಮಾಡುತ್ತದೆ ಎಂದು ತಿಳಿದು ಕೊಡಿ ಎನ್ನುವುದು ನಮ್ಮ ಆಸೆ. ಪತ್ರ ಉದ್ದವಾಗಿದ್ದರೆ ಅದಕ್ಕೇ.

ಚಳ್ಳಕೆರೆ ಸೀಮೆಗೆ ಹಾಡು, ಕತೆ ಹೊಸದಲ್ಲ. ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಹಾಡಿನ ಬಲವೂ ಮಿತಿಯೂ ಇಲ್ಲೇ ಇದೆ. ಹಾಡಿದ ಮಾತ್ರಕ್ಕೆ ಅಕ್ಷರ ಬರುವುದಿಲ್ಲ. ಒಂದನೇ ತರಗತಿಯ ಮಗು ಗೋಡೆಯ ಮೇಲಿನ ಪದ್ಯವನ್ನು ಬೆರಳಿಟ್ಟು ‘ಓದುವುದು’ ಬಹಳ ಸಲ ಬಾಯಿಪಾಠವೇ. ಮೂರನೇ ಸಾಲಿನ ನಡುವಿನ ಪದ ತೋರಿಸಿ ಇದೇನು ಎಂದರೆ ಮೊದಲಿಂದ ಹಾಡಿಕೊಂಡು ಬರುತ್ತದೆ. ಬಾಯಿಂದ ಕಣ್ಣಿಗೆ ದಾಟಿಸುವ ಆ ಒಂದು ಹೆಜ್ಜೆಗಾಗಿಯೇ ನಿಮ್ಮ ನೆರವು ಕೇಳುತ್ತಿದ್ದೇವೆ.

ನಲಿಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಕಾಗುಣಿತದ ಗೊಡವೆಯಿಲ್ಲದೆ ಇವುಗಳಿಂದಲೇ ಅರಸ, ಅಗಸ, ಸರ, ಗರಗಸ ಹುಟ್ಟುತ್ತವೆ. ಹಾಗಾಗಿ ಮೊದಲ ವಾರದ ಹಾಡೂ ಅಷ್ಟರಲ್ಲೇ ಇರಬೇಕು: ‘ಅರಸ ಅರಸ ಸರ ಸರ, ಅಗಸ ಅಗಸ ಗರ ಗರ’. ಹಾಡಿನಲ್ಲಿ ದೊಡ್ಡ ಸಾಹಿತ್ಯವೇನಿಲ್ಲ, ಮಕ್ಕಳು ಮಾತ್ರ ಕುಣಿಯುತ್ತಾರೆ. ಮೊದಲ ದಿನ ಬರೀ ಹಾಡು. ಎರಡನೇ ದಿನ ಎರಡು ಅಂಗುಲದ ಅಕ್ಷರದಲ್ಲಿ ಚಾರ್ಟಿನ ಮೇಲೆ ಬರೆದು, ಒಂದೊಂದು ಅಕ್ಷರಕ್ಕೂ ಕೋಲು ತಾಗಿಸುತ್ತ ನಿಧಾನಕ್ಕೆ. ಮೂರನೇ ದಿನ ಪದಗಳನ್ನು ಕತ್ತರಿಸಿ, ಕಲಸಿ, ಮಕ್ಕಳಿಂದಲೇ ಜೋಡಿಸಬೇಕು. ನಾಲ್ಕನೇ ದಿನ ಒಂದು ಪದ ಅಡಗಿಸಿಡಬೇಕು. ಹೆಚ್ಚಿನ ಕಡೆ ಕೆಲಸ ಎರಡನೇ ದಿನಕ್ಕೇ ನಿಲ್ಲುತ್ತದೆ. ಕತ್ತರಿಸಿದರೆ ಚಾರ್ಟು ಹಾಳಾಗುತ್ತದಲ್ಲ ಎಂಬ ಚಿಂತೆ! ಹಾಳಾಗಲೆಂದೇ ತರಗತಿಗೆ 40 ಚಾರ್ಟ್ ಹಾಳೆ ಲೆಕ್ಕ ಹಾಕಿದ್ದೇವೆ.

ಇನ್ನು ಒತ್ತಕ್ಷರ. ಕನ್ನಡದ ಮಕ್ಕಳು ಹೆಚ್ಚು ಎಡವುವುದು ಇಲ್ಲಿ. ಕಿವಿಗೆ ಕೇಳುವುದು ಕತ್-ತೆ, ಬರೆಯುವುದು ಕ-ತ್ತೆ. ಚಪ್ಪಾಳೆ ಹೊಡೆದರೆ ‘ಕತೆ’ಗೂ ‘ಕತ್ತೆ’ಗೂ ಎರಡೇ ಪೆಟ್ಟು, ಆದ್ದರಿಂದ ಮಗು ಎರಡನ್ನೂ ಒಂದೇ ತರ ಬರೆಯುತ್ತದೆ. ಮಾತ್ರೆ, ಅಂದರೆ ಉಚ್ಚಾರಕ್ಕೆ ಹಿಡಿಯುವ ಕಾಲ, ಎಣಿಸಿದರೆ ಗುಟ್ಟು ಬಯಲಾಗುತ್ತದೆ: ಕತೆಗೆ ಎರಡು, ಕತ್ತೆಗೆ ಮೂರು. ತಮಟೆಯ ಮೇಲೆ ಒಂದು ಪೆಟ್ಟು, ಒಂದು ತಡೆ, ಮತ್ತೊಂದು ಪೆಟ್ಟು. ಆ ತಡೆಯೇ ಒತ್ತು. ಹತ್ತಿ, ಹಳ್ಳಿ, ಬೆಣ್ಣೆ, ಮಂಡಕ್ಕಿ ಎಲ್ಲವನ್ನೂ ಹೀಗೆ ಬಾರಿಸಬಹುದು. ಚರ್ಮದ ತಮಟೆ ಮಳೆಗಾಲದಲ್ಲಿ ಸಡಿಲಾಗುತ್ತದೆ, ಬೆಂಕಿಗೆ ಕಾಯಿಸಬೇಕು, ಅದು ಶಾಲೆಯೊಳಗೆ ಆಗದ ಮಾತು. ಅದಕ್ಕೆ ಫೈಬರ್ ಮುಚ್ಚಿಗೆಯದನ್ನೇ ಕೊಳ್ಳುತ್ತೇವೆ. ಕೋಲಿನಿಂದಲ್ಲ, ಬೆರಳಿನಿಂದ ನುಡಿಸಬೇಕು, ಇಲ್ಲವಾದರೆ ಪಕ್ಕದ ಕೋಣೆಯವರ ಪಾಠ ಕೆಟ್ಟಿತು.

ಕತೆಗೆ ಚಿತ್ರದುರ್ಗದವರು ದೂರ ಹೋಗಬೇಕಿಲ್ಲ. ಒನಕೆ ಓಬವ್ವ ಎಂಬ ಹೆಸರಿನಲ್ಲೇ ಹ್ರಸ್ವ ‘ಒ’, ದೀರ್ಘ ‘ಓ’ ಅಕ್ಕಪಕ್ಕ ನಿಂತಿವೆ. ಕೋಟೆ, ಕಿಂಡಿ, ಕಹಳೆ ಎಂದು ಕಾಗುಣಿತವೂ ಸಾಲಾಗಿ ಬರುತ್ತದೆ. ಕತೆಯನ್ನು ಐದು ಚಿತ್ರಗಳಿಗೆ ಒಡೆದು, ಪ್ರತಿ ಚಿತ್ರದಡಿ ಒಂದೇ ವಾಕ್ಯ. ಕತೆ ಮೊದಲೇ ಗೊತ್ತಿರುವುದರಿಂದ ಓದುವಾಗ ಊಹೆ ಕೈಹಿಡಿಯುತ್ತದೆ. ಕೊನೆಯಲ್ಲಿ ‘ಇದರ ನೀತಿ ಏನು?’ ಎಂದು ಮಾತ್ರ ಕೇಳಬಾರದು. ಕೇಳಿದೊಡನೆ ಕತೆ ಪರೀಕ್ಷೆಯಾಗುತ್ತದೆ, ಮಕ್ಕಳು ಬಾಯಿ ಮುಚ್ಚುತ್ತಾರೆ. ಅದರ ಬದಲು ಮಗು ಚಿತ್ರ ಬರೆದು ಹೇಳಿದ್ದನ್ನು ಅದರ ಮಾತಿನಲ್ಲೇ ಶಿಕ್ಷಕರು ಕೆಳಗೆ ಬರೆಯಬೇಕು. ‘ಹೊಂಟೀನಿ’ ಅಂದರೆ ‘ಹೊಂಟೀನಿ’ಯೇ. ಅದನ್ನು ‘ಹೊರಟಿದ್ದೇನೆ’ ಎಂದು ತಿದ್ದಿ ಬರೆದರೆ, ತಾನು ಆಡಿದ ಮಾತು ಹಾಳೆಯ ಮೇಲೆ ಎಲ್ಲಿದೆ ಎಂದು ಮಗುವಿಗೆ ಸಿಗುವುದಿಲ್ಲ. ಗ್ರಂಥಭಾಷೆಗೆ ಮುಂದೆ ಬೇಕಾದಷ್ಟು ಕಾಲವಿದೆ.

ಆಂಧ್ರ ಗಡಿಯ ಊರುಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅದನ್ನು ಅಡ್ಡಿ ಎಂದುಕೊಳ್ಳಬೇಕಾಗಿಲ್ಲ. ಪಾಲು-ಹಾಲು, ಪುಲಿ-ಹುಲಿ, ಪಾಮು-ಹಾವು ಎಂದು ಜೋಡಿಹಾಡು ಕಟ್ಟಿದರೆ ಪ ಮತ್ತು ಹ ಎರಡೂ ಒಟ್ಟಿಗೇ ಕೂರುತ್ತವೆ.

ಬೆರಳಿನಿಂದ ಅಕ್ಷರ ತೀಡುವ ಮರಳು ತಟ್ಟೆಯ ವಿಷಯ ಸಣ್ಣದು, ಆದರೂ ತಪ್ಪುವುದೇ ಹೆಚ್ಚು. ಮರಳು ಅರ್ಧ ಅಂಗುಲ ಸಾಕು. ದಪ್ಪವಾದರೆ ಗೆರೆ ಮುಚ್ಚಿಕೊಳ್ಳುತ್ತದೆ. ತಳಕ್ಕೆ ಕಡುನೀಲಿ ಬಣ್ಣ ಬಳಿದರೆ ಅಕ್ಷರ ಎದ್ದು ಕಾಣುತ್ತದೆ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬೆರಳಿಗೆ ಚುಚ್ಚುತ್ತದೆ, ಬೇಡ. ರಾಗಿ ಹಾಕಿದರೆ ಇಲಿ, ಇರುವೆ.

30 ಮಕ್ಕಳ ಒಂದು ತರಗತಿಯ ಖರ್ಚು ಹೀಗಿದೆ. ತಮಟೆ ಒಂದು, ದಮ್ಮಡಿ (ಚಿಕ್ಕ ಕೈವಾದ್ಯ) ಎರಡು, ತಾಳ ನಾಲ್ಕು ಜೊತೆ ಸೇರಿ 2,300 ರೂ. ಮರಳು ತಟ್ಟೆ ಆರು, 1,500. ಚಿತ್ರಕತೆ ಪುಸ್ತಕ 40, 2,200. ಗೆರೆಯಿಲ್ಲದ ನೋಟ್‌ಬುಕ್ 30, 900. ದಪ್ಪ ಮೇಣದ ಬಣ್ಣ ಎಂಟು ಡಬ್ಬಿ, 600. ತೆಳ್ಳನೆಯವು ಒಂದೇ ದಿನದಲ್ಲಿ ಮುರಿಯುತ್ತವೆ. ಚಾರ್ಟ್ ಹಾಳೆ 400, ಮಾರ್ಕರ್ ಮತ್ತು ಅಂಟು 400, ಪುಸ್ತಕ ತೂಗುಹಾಕುವ ಹಗ್ಗ, ಕ್ಲಿಪ್ಪು 200. ಒಟ್ಟು 8,500.

ಉಳಿದ 3,000 ರೂಪಾಯಿ ತಿಂಗಳಿಗೊಮ್ಮೆಯಂತೆ ಹತ್ತು ತಿಂಗಳು ತರಗತಿಗೆ ಹೋಗಿ ಬರುವ ಖರ್ಚು. ಪುಸ್ತಕಕ್ಕೆ ಕೊಡುತ್ತೇವೆ, ಓಡಾಟಕ್ಕೆ ಯಾಕೆ ಎಂದು ದಾನಿಗಳು ಕೇಳುವುದು ಸಹಜ. ಭೇಟಿಯಿಲ್ಲದಿದ್ದರೆ ಸಾಮಗ್ರಿಯ ಪೆಟ್ಟಿಗೆ ಅಲ್ಮೇರಾ ಸೇರುತ್ತದೆ, ಪುಸ್ತಕ ಹರಿದೀತೆಂದು ಬೀಗ ಬೀಳುತ್ತದೆ. ಭೇಟಿಗೆ ಹೋದವರು ಶಿಕ್ಷಕರ ಜೊತೆ ಒಂದು ಪಾಠ ಮಾಡಿ, ಐದು ಮಕ್ಕಳಿಗೆ ಹಾಡಿನಲ್ಲಿ ಇರದ ಹತ್ತು ಹೊಸ ಪದ ಓದಿಸಿ ಗುರುತು ಹಾಕಿಕೊಂಡು ಬರುತ್ತಾರೆ. ಹರಿದ ಪುಸ್ತಕ ಕಂಡರೆ ನಮಗೆ ಬೇಜಾರಿಲ್ಲ.

ಪೂರ್ತಿ ತರಗತಿಯನ್ನು ವಹಿಸಿಕೊಳ್ಳಬಹುದು, 2,200 ರೂಪಾಯಿಯ ಪುಸ್ತಕ ಕಟ್ಟು ಕೊಡಬಹುದು, 75 ರೂಪಾಯಿಯ ಒಂದು ಬಣ್ಣದ ಡಬ್ಬಿಯೂ ಆದೀತು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲವಾದ್ದರಿಂದ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ, ರಸೀದಿ ತಪ್ಪದೆ ಪಡೆಯಿರಿ. ಜೂನ್‌ನಲ್ಲಿ ಪಾಠ ಶುರುವಾಗುವ ಮುಂಚೆ ಸಾಮಗ್ರಿ ತಲುಪಬೇಕಾದ್ದರಿಂದ ಏಪ್ರಿಲ್ ಕೊನೆಯೊಳಗೆ ಬಂದರೆ ಅನುಕೂಲ.

ಹಣ ಕೊಡಲು ಆಗದಿದ್ದರೆ ಮನೆಯಲ್ಲಿ ಉಳಿದ ಮದುವೆ ಕಾರ್ಡುಗಳನ್ನು ಕೊಡಿ. ದಪ್ಪ ಕಾಗದ, ಹಿಂಬದಿ ಖಾಲಿ. ಪದ ಬರೆಯುವ ಪಟ್ಟಿಗಳಿಗೆ ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗದು. ಮಿನುಗು ಅಂಟಿಸಿದವು ಬೇಡ, ಅದು ಮಕ್ಕಳ ಕಣ್ಣಿಗೆ ಹೋಗುತ್ತದೆ.