ಮಗ್ಗದ ಮನೆಗಳಲ್ಲಿ ಕಿವಿಗೂ ಕಾಳಜಿ ಬೇಕು

ಮಾನ್ಯರೇ,

ದೊಡ್ಡಬಳ್ಳಾಪುರದಲ್ಲಿ 31 ವರ್ಷ ವಿದ್ಯುತ್ ಮಗ್ಗ ನಡೆಸಿದವನು ನಾನು. ಮೊಮ್ಮಗಳು ಮಾತಾಡಿದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. 'ಸ', 'ತ' ಅಕ್ಷರಗಳೇ ಜಾರಿಹೋಗುತ್ತವೆ. ಗುಗ್ಗೆ ಕಟ್ಟಿದೆ ಅಂತ ಸುಮ್ನೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡು ವರ್ಷಗಳನ್ನು ಕಳೆದೆ. ಕೊನೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆ. ಒಳಗಿವಿಯ ಸಣ್ಣ ಕೂದಲಿನಂಥ ಕೋಶಗಳು ಸದ್ದಿಗೆ ಸತ್ತಿವೆ, ಅವು ಮತ್ತೆ ಹುಟ್ಟುವುದಿಲ್ಲ ಎಂದರು. ಈಗ ಶ್ರವಣ ಸಾಧನ ಹಾಕಿಕೊಂಡಿದ್ದೇನೆ.

ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ; ದಿನಕ್ಕೆ 8 ಗಂಟೆಗೆ 85 ಡೆಸಿಬಲ್ ಅನ್ನುವುದು ಕಿವಿಯ ಸುರಕ್ಷತೆಗೆ ತಜ್ಞರು ಹೇಳುವ ಮಿತಿ. ಅದು 3 ಡೆಸಿಬಲ್ ಏರಿದರೆ ಸದ್ದಿನಲ್ಲಿ ಇರಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಪಕ್ಕದವರಿಗೆ ಕೂಗಿ ಹೇಳಬೇಕಾದರೆ ಸದ್ದು ಜಾಸ್ತಿ ಆಯಿತು ಎಂದೇ ಲೆಕ್ಕ. ನಮ್ಮ ಮಗ್ಗದ ಮನೆಗಳಲ್ಲಿ ಕೂಗಿದರೂ ಕೇಳುವುದಿಲ್ಲ, ಕೈಸನ್ನೆಯೇ ಗತಿ!

ಹತ್ತಿ ತುರುಕಿದರೆ ಸಾಲದು. ಮಗ್ಗದ ಮಾಲೀಕರು ಕೆಲಸಗಾರರಿಗೆ ಇಯರ್‌ಪ್ಲಗ್ ಕೊಡಲಿ. ಆರೋಗ್ಯ ಇಲಾಖೆ ನೇಕಾರರ ಬೀದಿಗಳಿಗೇ ಬಂದು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಲಿ. ಮಗ್ಗದ ಪಕ್ಕದಲ್ಲೇ ತೊಟ್ಟಿಲು ಕಟ್ಟುವ ಮನೆಗಳಿವೆ. ತಾಯಂದಿರೇ, ದಯವಿಟ್ಟು ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸಿ.

– ಒಬ್ಬ ಹಿರಿಯ ನೇಕಾರ, ದೊಡ್ಡಬಳ್ಳಾಪುರ