ಧಾರವಾಡದಾಗ ಉಂಡು ಓದಿದವರಿಗೆ

ಮಾನ್ಯರೇ,

ಧಾರವಾಡ ಎಂದರೆ ಹೊರಗಿನವರಿಗೆ ಫೇಡಾ, ಜಿಟಿಜಿಟಿ ಮಳೆ, ಬೇಂದ್ರೆ ಅಜ್ಜ. ಇಲ್ಲಿ ಓದಿ ಹೋದವರಿಗೆ ಮಾತ್ರ ಬಾಡಿಗೆ ಖೋಲಿ, ಖಾನಾವಳಿ, ತಿಂಗಳ ಕೊನೆಯ ಖಾಲಿ ಕಿಸೆ. ನಮ್ಮ ವಾಚನಾಲಯಕ್ಕೂ ಅದರ ಅಡುಗೆಮನೆಗೂ ನೆರವು ಕೇಳುವ ಈ ಮನವಿ ಆ ಎರಡನೆಯವರಿಗೆ.

ಒಂದು ಕಾಲಕ್ಕೆ ಈ ಭಾಗದ ಹುಡುಗರು ಬಿ.ಎ. ಮಾಡಬೇಕೆಂದರೆ ಪುಣೆಯ ರೈಲು ಹತ್ತಬೇಕಿತ್ತು. ಬೇಂದ್ರೆಯವರೂ ಹತ್ತಿದರು, ಫರ್ಗ್ಯೂಸನ್ ಕಾಲೇಜಿಗೆ. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕನ್ನಡದ ಏಳಿಗೆಗಾಗಿ ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಗಿ, ಮುಂದೆ ರೈಲ್ವೆಯವರ ಹಳೆಯ ಕಲ್ಲಿನ ಕಟ್ಟಡಕ್ಕೆ ಬಂದು ನೆಲೆ ನಿಂತಿತು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷವೇ ಧಾರವಾಡಕ್ಕೆ ಬಂತು. ಇದೆಲ್ಲ ನಿಮಗೆ ಗೊತ್ತಿದ್ದದ್ದೇ.

ಕಾಲೇಜೇನೋ ಬಂತು, ಬಂದ ಹುಡುಗರು ಉಣ್ಣಬೇಕಲ್ಲ? ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದವರು ಎಷ್ಟೋ ಜನ. ಇಲ್ಲಿಯ ಮುರುಘಾಮಠದಲ್ಲಿ ಸ್ವಾಮಿಗಳಾದ ಮೃತ್ಯುಂಜಯಪ್ಪಗಳು ಪ್ರಸಾದ ನಿಲಯ ತೆರೆದು ಹಳ್ಳಿ ಹುಡುಗರನ್ನು ಉಣ್ಣಿಸಿ ಓದಿಸಿದರು. ಬೇಂದ್ರೆಯವರ ಮನೆಯೂ ಒಂದು ಕಾಲಕ್ಕೆ ನಡೆದದ್ದು ಹೆಂಗಸರು ಹಾಕಿದ ಖಾನಾವಳಿಯಿಂದಲೇ. ಪ್ರಿನ್ಸಿಪಾಲರ ಹೆಸರು ಗೋಡೆಯ ಫಲಕದಲ್ಲಿ ಇರುತ್ತದೆ. ರೊಟ್ಟಿ ಬಡಿದವರ ಹೆಸರು ಎಲ್ಲಿಯೂ ಇಲ್ಲ. ನಮಗೆ ಇದೊಂದು ಸಿಟ್ಟು ಮೊದಲಿನಿಂದಲೂ ಇದೆ.

ನಮ್ಮ ಟ್ರಸ್ಟ್ ಸಪ್ತಾಪುರದಲ್ಲಿ ಒಂದು ವಾಚನಾಲಯ ನಡೆಸುತ್ತದೆ. ಅದರ ಬೆನ್ನಿಗೇ ಅಡುಗೆಮನೆ. ಯಾದಗಿರಿ, ರಾಯಚೂರು, ವಿಜಯಪುರ ಕಡೆಯಿಂದ ಪಿಎಸ್‌ಐ, ಎಫ್‌ಡಿಎ, ಟಿಇಟಿ ಎಂದು ನೌಕರಿಯ ಪರೀಕ್ಷೆಗಳಿಗೆ ಓದಲು ಬಂದ ಮಕ್ಕಳು ಬೆಳಿಗ್ಗೆ ಆರಕ್ಕೇ ಬಂದು ಕೂಡುತ್ತಾರೆ. ರಾತ್ರಿ ಒಂದು ಹೊತ್ತು ಬಿಸಿ ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ದುಡ್ಡು ಕೇಳುವುದಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ತಾಟಿನ ಮುಂದೆ ಕೂತು ಎರಡು ರೊಟ್ಟಿ ಉಂಡು, ಮೂರನೆಯದನ್ನು ಮಡಚಿ ನೋಟ್ಸಿನ ಹಾಳೆಯಲ್ಲಿ ಸುತ್ತಿಕೊಂಡ. ಬಡಿಸುತ್ತಿದ್ದ ಅಕ್ಕ ನೋಡಿಯೂ ನೋಡದವರ ಹಾಗೆ ಇನ್ನೆರಡು ಹಾಕಿ, "ತಮ್ಮಾ, ಚಟ್ನಿ ಬ್ಯಾರೆ ಕಟ್ಟಿ ಕೊಡ್ತೀನಿ, ಹಾಳಿ ಎಣ್ಣಿ ಆಗ್ತದ" ಅಂದರು. ಮರುದಿನ ತಿಳಿಯಿತು, ಖೋಲಿಯಲ್ಲಿ ಜ್ವರ ಬಂದು ಮಲಗಿದ್ದ ಗೆಳೆಯನಿಗಾಗಿ ಅದು. ಅಂದಿನಿಂದ ಡಬ್ಬಿ ಕಟ್ಟಿ ಒಯ್ಯುವುದಕ್ಕೂ ಅವಕಾಶ ಮಾಡಿದ್ದೇವೆ. ಖರ್ಚು ಏರಿದ್ದು ಅಲ್ಲಿಂದಲೇ, ಮುಚ್ಚಿಡುವುದೇನಿದೆ.

ಈಗ ವಾಚನಾಲಯದ ತಗಡು ಸೋರುತ್ತಿದೆ. ಮಳೆ ಬಂದರೆ ಬಕೆಟ್ಟು ಇಟ್ಟು, ಪುಸ್ತಕದ ಕಪಾಟಿಗೆ ತಾಡಪತ್ರಿ ಹೊದಿಸಿ, ಮಕ್ಕಳು ಒಂದೇ ಮೂಲೆಗೆ ಸರಿಯುತ್ತಾರೆ. ಬರುವ ಮುಂಗಾರಿನೊಳಗೆ ಚಾವಣಿ ಆಗಲೇಬೇಕು. ಅಡುಗೆಗೆ ದೊಡ್ಡ ಒಲೆ ಬೇಕು, ಅಕ್ಕನ ಕೈಗೆ ಇನ್ನೊಬ್ಬರು ಬೇಕು.

ನೂರು ರೂಪಾಯಿ ಕೊಟ್ಟರೂ ರಸೀದಿ ಹರಿದು ಕೊಡುತ್ತೇವೆ. ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಒಂದು ದಿನದ ಊಟ ನಿಮ್ಮ ಹೆಸರಿನಲ್ಲಿ ಮಾಡಿಸಬಹುದು. ರೈತರು ಸುಗ್ಗಿಯಲ್ಲಿ ಒಂದು ಚೀಲ ಬಿಳಿಜೋಳ ಕೊಟ್ಟರೆ ರೊಕ್ಕಕ್ಕಿಂತ ಹೆಚ್ಚು. ಪುಸ್ತಕವೂ ಆದೀತು, ಆದರೆ ಐದು ವರ್ಷ ಹಿಂದಿನ ಸಾಮಾನ್ಯ ಜ್ಞಾನದ ಗೈಡು ದಯವಿಟ್ಟು ಬೇಡ, ಅದರಲ್ಲಿನ ಮಂತ್ರಿಗಳೆಲ್ಲ ಮಾಜಿಗಳಾಗಿದ್ದಾರೆ. ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಯಿರಿ, ಯಾರ ಕೈಗೂ ಬಿಡಿ ರೊಕ್ಕ ಕೊಡಬೇಡಿ. ಲೆಕ್ಕದ ಪುಸ್ತಕ ವಾಚನಾಲಯದ ಮೇಜಿನ ಮೇಲೆಯೇ ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು.

ಕೊಡುವ ಮೊದಲು ಒಮ್ಮೆ ಬಂದು ನೋಡಿ. ರಾತ್ರಿ ಎಂಟಕ್ಕೆ ಪಂಕ್ತಿ. ಅಮಾವಾಸ್ಯೆಯ ದಿನ ಬಂದರೆ ಹೋಳಿಗೆ ಇರುತ್ತದೆ.

ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಸದಸ್ಯರು, ಧಾರವಾಡ