ಬೆಳಕನ್ನೂ ಒಮ್ಮೆ ಅನುಮಾನಿಸು

ಪ್ರೀತಿಯ ಸುಮಾ,

ಆಶೀರ್ವಾದಗಳು. ನರಕೋಶಗಳನ್ನು ಬೆಳಕಿನಿಂದ ಹತೋಟಿಗೆ ತರುವ ಲ್ಯಾಬಿಗೆ ಸೇರಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯ್ತು. ಒಂದೇ ಮಾತು ಹೇಳ್ತೀನಿ, ಮನಸ್ಸಿನಲ್ಲಿಟ್ಟುಕೋ. ಬೆಳಕು ಬಿಟ್ಟ ಕೂಡಲೇ ಕೋಶದ ವರ್ತನೆ ಬದಲಾಯ್ತು ಅಂದಮಾತ್ರಕ್ಕೆ ಅದು ನೀನು ಕೋಶಕ್ಕೆ ಹಾಕಿದ ಅಣುವಿನದೇ ಕೆಲಸ ಅಂತ ನಂಬಿಬಿಡಬೇಡ.

ನೀನು ಆರಿಸಿಕೊಂಡಿರುವ, ಬೆಳಕು ಬಿದ್ದರೆ ಆಕಾರ ಬದಲಿಸುವ ಅಜೋಬೆಂಜೀನ್ ಅಷ್ಟು ಚೆಂದದ ಅಣು, ನಂಬುವ ಆಸೆ ಹುಟ್ಟೇ ಹುಟ್ಟುತ್ತೆ. 2004ರಲ್ಲಿ ಬರ್ಕ್ಲಿಯಲ್ಲಿ ಕ್ರೇಮರ್, ಟ್ರಾನರ್, ಐಸಕಾಫ್ ಅವರ ತಂಡ ಇದನ್ನು ಕೋಶದ ಪೊರೆಯಲ್ಲಿರುವ ಸಣ್ಣ ದ್ವಾರವಾದ ಪೊಟ್ಯಾಷಿಯಂ ಚಾನೆಲ್‌ನ ಹೊರಬದಿಗೆ ಅಂಟಿಸಿತು. ಅಣು ನೆಟ್ಟಗಿದ್ದರೆ ಅದರ ತುದಿ ರಂಧ್ರದವರೆಗೂ ಚಾಚಿ ಬಿರಡೆಯ ಹಾಗೆ ಮುಚ್ಚುತ್ತದೆ. 380 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕು ಬಿದ್ದರೆ ಅಣು ಬಾಗುತ್ತದೆ, ತುದಿ ಎಟಕುವುದಿಲ್ಲ. ಪೊಟ್ಯಾಷಿಯಂ ಹೊರಗೆ ಹರಿದು ಕೋಶ ಸುಮ್ಮನಾಗುತ್ತದೆ. 500ರ ಹಸಿರು ಬೆಳಕು ಕೊಟ್ಟರೆ ಅಣು ಮತ್ತೆ ನೆಟ್ಟಗಾಗಿ, ಸ್ಕ್ರೀನಿನ ಮೇಲೆ ಕೋಶದ ವಿದ್ಯುತ್ ಮಿಡಿತಗಳಾದ ಸ್ಪೈಕ್‌ಗಳು ಒಂದರ ಹಿಂದೆ ಒಂದು ಏಳತೊಡಗುತ್ತವೆ. ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ.

2005ರಲ್ಲಿ, ಬೆಳಕು ಬಿದ್ದರೆ ತೆರೆದುಕೊಳ್ಳುವ ಪಾಚಿಯ ಪ್ರೋಟೀನಾದ ಚಾನೆಲ್‌ರೊಡಾಪ್ಸಿನ್ ಅನ್ನು ನರಕೋಶಕ್ಕೆ ಹಾಕಿ, ನೀಲಿ ಬೆಳಕಿನಿಂದ ಮಿಲಿಸೆಕೆಂಡ್ ಲೆಕ್ಕದಲ್ಲಿ ಸ್ಪೈಕ್ ಎಬ್ಬಿಸಿದರು. ಆ ದಾರಿಯೂ ನಿನಗೆ ಗೊತ್ತೇ ಇದೆ.

ಆದರೆ ಬೆಳಕು ಬರೀ ಸ್ವಿಚ್ ಅಲ್ಲ, ಅದು ಶಾಖವೂ ಹೌದು. 2019ರಲ್ಲಿ ಒಂದು ತಂಡ ಬೆಳಕಿಗೆ ಸ್ಪಂದಿಸುವ ಪ್ರೋಟೀನೇ ಹಾಕದ ಇಲಿಗಳ ಮಿದುಳಿಗೆ ಬೆಳಕು ಹಾಯಿಸಿತು. ಸ್ಟ್ರಯೇಟಮ್ ಎಂಬ ಭಾಗದ ನರಕೋಶಗಳ ಚಟುವಟಿಕೆ ಕುಗ್ಗಿತು, ಇಲಿಗಳ ಓಡಾಟವೂ ಒಂದು ಕಡೆಗೆ ವಾಲಿತು. ಬಿಸಿಯೊಂದೇ ಸಾಕಾಗಿತ್ತು! ಇದನ್ನು ಗಮನಿಸದೆ ಯಾರಾದರೂ ಅದೇ ಫಲಿತಾಂಶವನ್ನು ಅಣುವಿನ ಹೆಸರಲ್ಲಿ ಬರೆದಿದ್ದರೆ ಎಷ್ಟು ಅನ್ಯಾಯ, ಅಲ್ವಾ?

ಹಾಗಾಗಿ ಅಣು ಹಾಕದ ಕೋಶಕ್ಕೂ ಅಷ್ಟೇ ಬೆಳಕು, ಅಷ್ಟೇ ಹೊತ್ತು ಕೊಡು. ಅಣು ಹಾಕಿ ಕತ್ತಲಲ್ಲಿಟ್ಟ ಕೋಶವನ್ನೂ ಅಳೆ. ಇದು ಬೇಸರದ ಕೆಲಸ, ಅಂದವಾದ ಗ್ರಾಫ್ ಬರುವುದಿಲ್ಲ, ಗೈಡ್ ಕೇಳದೆಯೂ ಇರಬಹುದು. ಆದರೂ ಮಾಡು. 380ರ ಬೆಳಕು ಕೋಶಕ್ಕೆ ಹಾನಿ ಮಾಡಬಲ್ಲದು, ಜಾಸ್ತಿ ಹೊತ್ತು ಬಿಡಬೇಡ. ದ್ರಾವಣದ ಸೀಸೆಗೆ ಫಾಯಿಲ್ ಸುತ್ತಿಡು, ಕೋಣೆಯ ದೀಪವೂ ಅಣುವನ್ನು ತಿರುಗಿಸುತ್ತದೆ.

ಮೊದಲ ರೆಕಾರ್ಡಿಂಗ್ ಬಂದ ದಿನ ನನಗೆ ಕಳಿಸು. ಅಣು ಇಲ್ಲದ ಕೋಶದ್ದನ್ನೂ ಜೊತೆಗೇ ಕಳಿಸು, ನಾನು ಅದನ್ನೇ ಮೊದಲು ನೋಡ್ತೀನಿ.

ನಿನ್ನ
ದೊಡ್ಡಪ್ಪ